ಎಂಟು ದಾಟಿದರೆ ಮಾತ್ರ ಹಾಡುವ ಪೆಟ್ಟಿಗೆ

ಗಿಟಾರಿನ ಸದ್ದು ದೊಡ್ಡದು ಮಾಡುವ ಹಳೆಯ ವಾಲ್ವ್ ಆಂಪ್ ಒಂದನ್ನು ಮನೆಗೆ ತಂದರೆ ಸಂಗೀತ ಬರುತ್ತದೋ ಇಲ್ಲವೋ ಹೇಳಲಾರೆ, ಫಜೀತಿಗಂತೂ ಬರ ಬರುವುದಿಲ್ಲ. ನಾನು ವಾಲ್ಯೂಮ್ ತಿರುಗಿಸಿದಾಗಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ಒಂದು ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಗೇಟು ತೆರೆದುಕೊಂಡು ಬರುತ್ತದೆ.

ನಾನು ಹಗಲಿಗೆ ಮಂಗಳೂರಿನ ಬಲ್ಮಠದಲ್ಲಿ ಕನ್ನಡಕದ ಅಂಗಡಿ ನಡೆಸುವವನು, ಸಂಜೆಗೆ ಜೆಪ್ಪುವಿನ ಮನೆಯಲ್ಲಿ ಗಿಟಾರ್ ಬಾರಿಸುವವನು. ಆಂಪ್ ಬಂದದ್ದು ನನ್ನ ಶಾಲೆಯ ಕಾಲದ ಒಬ್ಬ ಬ್ಯಾರಿ ಗೆಳೆಯನ ಕೃಪೆಯಿಂದ. ಅವನ ಅಣ್ಣ ದುಬೈಯ ಒಂದು ಹೋಟೆಲಿನಲ್ಲಿದ್ದ. ಅಲ್ಲಿ ಹಾಡುತ್ತಿದ್ದ ಬ್ಯಾಂಡಿನವರು ಬಿಟ್ಟುಹೋದ ಇಂಗ್ಲೆಂಡಿನ ಆಂಪ್, ಅಣ್ಣ ಊರಿಗೆ ಮರಳುವಾಗ ಸೋಫಾ, ಫ್ರಿಜ್ಜು, ದಪ್ಪ ಕಂಬಳಿಗಳ ಜೊತೆ ಕಂಟೇನರಿನಲ್ಲಿ ಬಂದಿಳಿಯಿತು. ಗೆಳೆಯ ಅದನ್ನು ನನ್ನ ಚಾವಡಿಯಲ್ಲಿಟ್ಟು, "ನಮ್ಮಲ್ಲಿ ಯಾರಿಗೂ ಬೇಡ. ನಿನಗೆ ಹುಚ್ಚು ಉಂಟಲ್ಲ ಮಾರಾಯ, ನೀನೇ ಇಟ್ಟುಕೊ" ಎಂದ.

ಹುಚ್ಚು ಹೌದು. ಈಗಿನ ಆಂಪ್‌ಗಳಲ್ಲಿ ಸ್ವರವನ್ನು ಒಡೆಯಲು ಬೇರೆಯೇ ಬಟನ್ ಇರುತ್ತದೆ. ಈ ಹಳೆಯದರಲ್ಲಿ ಇಲ್ಲ. ಒಳಗಿನ ಗಾಜಿನ ವಾಲ್ವ್‌ಗಳಿಗೆ ತಡೆಯಲಾರದಷ್ಟು ಕೆಲಸ ಕೊಟ್ಟರೆ ಮಾತ್ರ ಗಿಟಾರಿನ ಸ್ವರ ದಪ್ಪಗಾಗಿ, ಅಂಚಿನಲ್ಲಿ ಸ್ವಲ್ಪ ಹರಿದು, ಎದೆಯೊಳಗೆ ಇಳಿಯುತ್ತದೆ. ಇದಕ್ಕೇ ಓವರ್‌ಡ್ರೈವ್ ಎನ್ನುವುದು. ಯಕ್ಷಗಾನದ ಭಾಗವತರು ಏರುಸ್ವರಕ್ಕೆ ಹೋದಾಗ ಗಂಟಲಲ್ಲಿ ಒಂದು ಸಣ್ಣ ಕರಕರ ಬರುತ್ತದಲ್ಲ, ಅದೇ ಜಾತಿಯ ಸುಖ. ವಾಲ್ಯೂಮ್ ಒಂದರಿಂದ ಏಳರವರೆಗೆ ಇದ್ದರೆ ನನ್ನ ಆಂಪ್ ಬಹಳ ಸಂಭಾವಿತ. ಎಂಟು ದಾಟಿದರೆ ಮಾತ್ರ ಹಾಡು. ಎಂಟು ದಾಟಿದರೆ ಅರ್ಧ ಜೆಪ್ಪುವಿಗೆ ಕೇಳುತ್ತದೆ ಎಂಬುದೊಂದೇ ತೊಂದರೆ.

ನನ್ನ ಹೆಂಡತಿ ಅದನ್ನು ಆಂಪ್ ಎಂದು ಒಮ್ಮೆಯೂ ಕರೆದದ್ದಿಲ್ಲ. "ಪೆಟ್ಟಿಗೆ" ಎನ್ನುತ್ತಾಳೆ. ಚಾವಡಿಯ ಅರ್ಧ ಜಾಗ ನುಂಗಿದ ಪೆಟ್ಟಿಗೆಯನ್ನು ತಿಂಗಳುಗಟ್ಟಲೆ ಸಹಿಸಿ, ಕೊನೆಗೆ ಒಂದು ದಿನ ತೀರ್ಪು ಕೊಟ್ಟಳು.

"ಅಣ್ಣನ ಮಗಳ ಮೆಹಂದಿ ಬರ್ತಾ ಉಂಟಲ್ಲ, ಅಲ್ಲಿ ಬಾರಿಸಿ. ನಾನು ಹೇಳಿಕೊಡದೆ, ನೀವು ಕೇಳದೆ, ಯಾರಾದ್ರೂ ಒಬ್ರು ಬಂದು ಈ ಪೆಟ್ಟಿಗೆಯನ್ನು ಹೊಗಳ್ಬೇಕು. ಒಬ್ರೇ ಸಾಕು. ಹೊಗಳಿದ್ರೆ ಇಲ್ಲೇ ಇರ್ಲಿ. ಇಲ್ಲದಿದ್ರೆ ಮರುದಿನ ಗುಜರಿಯವ ಬರ್ತಾನೆ."

ಗುಜರಿಯವನ ತಕ್ಕಡಿಯ ಮೇಲೆ ನನ್ನ ಆಂಪ್ ಕುಳಿತದ್ದು ಕಣ್ಣ ಮುಂದೆ ಬಂತು. ಮೆಹಂದಿಯ ದಿನದೊಳಗೆ ಅದರಿಂದ ಆ ಸ್ವರ ಹೊರಡಿಸಲೇಬೇಕು ಎಂದು ಪಟ್ಟು ಹಿಡಿದು ಕುಳಿತೆ. ಮುಂದಿನದ್ದೆಲ್ಲ ಆ ಪಟ್ಟಿನ ಫಲ.

ಈಗಲಾ, ಈಗಲಾ?

ಕನ್ನಡಕದ ಅಂಗಡಿಯಲ್ಲಿ ನನ್ನ ಕೆಲಸವೆಂದರೆ ಜನರ ಕಣ್ಣ ಮುಂದೆ ಒಂದೊಂದೇ ಗಾಜು ಇಟ್ಟು, "ಈಗ ಚಂದ ಕಾಣ್ತದಾ, ಈಗಲಾ?" ಎಂದು ಕೇಳುವುದು. ವರ್ಷಗಟ್ಟಲೆ ಕೇಳಿ ಕೇಳಿ ಅದು ನಾಲಿಗೆಗೆ ಅಂಟಿಬಿಟ್ಟಿದೆ. ಆಂಪಿಗೂ ಅದೇ ಪದ್ಧತಿ ಸರಿ ಎಂದು ನನಗೆ ಅನ್ನಿಸಿತು.

ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿದೆ. ಅವಳ ಮಡಿಲಲ್ಲಿ ಬಸಳೆಯ ಕಟ್ಟು ಇತ್ತು, ಸೊಪ್ಪು ಬಿಡಿಸುತ್ತಿದ್ದಳು. ನಾನು ಒಂದು ಸ್ವರ ಮೀಟಿದೆ. ಸ್ವರದ ಚೂಪು ಹೆಚ್ಚುಕಡಿಮೆ ಮಾಡುವ ಟ್ರೆಬಲ್ಲನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಮೀಟಿದೆ.

"ಈಗ ಚಂದ ಉಂಟಾ, ಈಗಲಾ?"

"ಎರಡೂ ಒಂದೇ."

ಗಿಟಾರಿನ ವಾಲ್ಯೂಮನ್ನು ಸ್ವಲ್ಪ ಇಳಿಸಿ ಆಂಪಿನದ್ದನ್ನು ಸ್ವಲ್ಪ ಏರಿಸಿದೆ. ಇದು ಬಲ್ಲವರ ಗುಟ್ಟು. ಮೆಲ್ಲಗೆ ಮೀಟಿದರೆ ಸ್ವರ ತಿಳಿಯಾಗಿರುತ್ತದೆ, ಬಲವಾಗಿ ಮೀಟಿದರೆ ಒಡೆಯುತ್ತದೆ. ನನಗೇ ಮೈ ಜುಮ್ಮೆಂದಿತು.

"ಈಗಲಾ? ಈಗಲಾ?"

"ಎರಡೂ ಒಂದೇ ಮಾರ್ರೆ."

ನಾನು ಬಿಡಲಿಲ್ಲ. ಮುಂದಿನ ವಾಲ್ವನ್ನು ಹಿಂದೆ ಹಾಕಿದೆ, ಹಿಂದಿನದ್ದನ್ನು ಮುಂದೆ ತಂದೆ. ಆಂಪನ್ನು ಗೋಡೆಯಿಂದ ದೂರ ಸರಿಸಿದೆ, ಸ್ಟೂಲಿನ ಮೇಲೆ ಏರಿಸಿದೆ. ಬಸಳೆ ಮುಗಿದು ಹಲಸಿನ ಬೀಜ ಸುಲಿಯುವಲ್ಲಿಗೆ ಬಂದಿತ್ತು. ಅವಳು ತಲೆಯೆತ್ತಿ ಬಹಳ ಶಾಂತವಾಗಿ ಕೇಳಿದಳು.

"ಅಲ್ಲ, ಅಂಗಡಿಗೆ ಬಂದವರು ಎರಡೂ ಒಂದೇ ಅಂದ್ರೆ ನೀವು ಎಂತ ಮಾಡ್ತೀರಿ?"

"ನಂಬರ್ ಸಿಕ್ಕಿತು ಅಂತ ಅರ್ಥ. ಪರೀಕ್ಷೆ ಮುಗೀತು ಅಂತ ಹೇಳಿ ಎಬ್ಬಿಸ್ತೇನೆ."

"ಹಾಗಾದ್ರೆ ನನ್ನನ್ನು ಯಾಕೆ ಇನ್ನೂ ಎಬ್ಬಿಸ್ಲಿಲ್ಲ?"

ವೋಲ್ಟೇಜಿನ ವಿರೋಧಿ

ಬೇಸಿಗೆಯ ಒಂದು ಸಂಜೆ ನನಗೆ ಜ್ಞಾನೋದಯವಾಯಿತು. ನಮ್ಮ ಓಣಿಯಲ್ಲಿ ಸಂಜೆ ಎಲ್ಲರೂ ಪಂಪು, ಎಸಿ, ಗ್ರೈಂಡರ್ ಒಟ್ಟಿಗೇ ಹಾಕಿದರೆ ಕರೆಂಟಿನ ವೋಲ್ಟೇಜ್ ಬಿದ್ದುಹೋಗುತ್ತದೆ. ಟ್ಯೂಬ್‌ಲೈಟ್ ಕಣ್ಣು ಮಿಟುಕಿಸುತ್ತದೆ, ಫ್ಯಾನು ಯೋಚನೆ ಮಾಡುತ್ತಾ ತಿರುಗುತ್ತದೆ. ಆಗ ನನ್ನ ಆಂಪ್ ಮಾತ್ರ ದೇವಲೋಕದ ಹಾಗೆ ಕೇಳುತ್ತದೆ! ಹೊಟ್ಟೆಗೆ ಕಡಿಮೆ ಬಿದ್ದ ವಾಲ್ವ್‌ಗಳು ಬೇಗ ಸುಸ್ತಾಗುತ್ತವೆ, ಬೇಗ ಸುಸ್ತಾದರೆ ಸ್ವರ ಬೇಗ ಒಡೆಯುತ್ತದೆ. ಎಂಟರ ಸ್ವರ ಆರಕ್ಕೇ ಸಿಕ್ಕಿತು.

ಮರುದಿನದಿಂದ ನಾನು ಮನೆಮನೆಗೆ ಹೋಗಿ, ಸಂಜೆ ಆರು ಗಂಟೆಗೆ ಸರಿಯಾಗಿ ಪಂಪು ಹಾಕಿ ಎಂದು ಕೇಳಿಕೊಂಡೆ. ಕಾರಣ ಹೇಳಲಿಲ್ಲ. ನಮ್ಮೂರಿನ ಜನ ಒಳ್ಳೆಯವರು, ಹಾಕಿದರು. ಒಂದು ದಿನ ನಾನು ಕಣ್ಣು ಮುಚ್ಚಿ ಬಾರಿಸುತ್ತಿರುವಾಗ ಎದುರು ಮನೆಯವರು ಮೊಣಕಾಲಿನವರೆಗೆ ಪಂಚೆ ಎತ್ತಿಕೊಂಡು ಬಂದು ಕಿಟಕಿಯ ಹೊರಗೆ ನಿಂತರು.

"ಟಾಂಕಿ ತುಂಬಿ ನೀರು ರಸ್ತೆಗೆ ಬಂತು ಮಾರಾಯ್ರೆ. ಇನ್ನು ಎಷ್ಟು ಹೊತ್ತು ಉಂಟು?"

ಇದಾಗಿ ಕೆಲವೇ ವಾರಕ್ಕೆ ಓಣಿಯವರ ಸಭೆ ಸೇರಿತು. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ತರರು, ಶಿಸ್ತಿನ ಮನುಷ್ಯ. ಹೊಸ ಟ್ರಾನ್ಸ್‌ಫಾರ್ಮರ್ ಬೇಕು ಎನ್ನುವವರು ಕೈ ಎತ್ತಿ ಎಂದರು. ಎಲ್ಲರೂ ಎತ್ತಿದರು. ಬೇಡ ಎನ್ನುವವರು ಯಾರು ಎಂದರು, ಬರೀ ಪದ್ಧತಿಗಾಗಿ. ನನ್ನ ಕೈ ನನ್ನನ್ನು ಕೇಳದೆ ಮೇಲೆ ಹೋಯಿತು.

ಹೆಡ್‌ಮಾಸ್ತರರು ಕನ್ನಡಕದ ಮೇಲಿನಿಂದ ನೋಡಿದರು. ಆ ಕನ್ನಡಕ ಮಾಡಿಕೊಟ್ಟವನೂ ನಾನೇ.

"ನಿಮಗೆ ಕರೆಂಟು ಬೇಡವಾ?"

"ಬೇಕು ಸರ್. ಇಷ್ಟೇ ಸಾಕು. ಈಗ ಬರುವುದೇ ಚಂದ ಉಂಟು."

"ಎಂತ ಚಂದ?" ಎಂದು ಹಿಂದಿನಿಂದ ಒಬ್ಬರು ಹೆಂಗಸು ಎದ್ದು ನಿಂತರು. "ನಮ್ಮ ಗ್ರೈಂಡರಿಗೆ ಹಾಕಿದ ಉದ್ದು ಹಾಕಿದ ಹಾಗೆಯೇ ಉಂಟು. ಚಂದವಂತೆ!"

ನನ್ನ ಒಂದು ಕೈಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಟ್ರಾನ್ಸ್‌ಫಾರ್ಮರ್ ಬಂತು. ಫ್ಯಾನುಗಳು ಹಾರಿಹೋಗುವಂತೆ ತಿರುಗಿದವು. ಓಣಿಯಿಡೀ ಲಾಡು ಹಂಚಿದರು. ನಾನು ಆಂಪಿನ ಪಕ್ಕದಲ್ಲಿ ಸೂತಕದವನ ಹಾಗೆ ಕೂತಿದ್ದೆ. ಹೆಡ್‌ಮಾಸ್ತರರು ತಾವೇ ಲಾಡು ಹಿಡಿದುಕೊಂಡು ಬಂದು ನನ್ನ ಬೆನ್ನು ಸವರಿದರು.

"ಬೇಸರ ಮಾಡ್ಬೇಡಿ. ನಿಮ್ಮ ಮನೆಗೆ ಮಾತ್ರ ಸ್ವಲ್ಪ ಕಡಿಮೆ ಕೊಡ್ಲಿಕ್ಕೆ ಆಗ್ತದಾ ಅಂತ ಲೈನ್‌ಮ್ಯಾನ್ ಹತ್ರ ಕೇಳಿದೆ. ಬಿಲ್ಲು ಕಟ್ಟುವುದು ನಿಲ್ಲಿಸ್ಲಿಕ್ಕೆ ಹೇಳಿ, ಪೂರ್ತಿ ಕಡಿಮೆ ಮಾಡಿ ಕೊಡ್ತೇವೆ ಅಂದ."

ಮರದ ಕೆಲಸ

ವೋಲ್ಟೇಜ್ ಕೈಕೊಟ್ಟ ಮೇಲೆ ಎಂಟು ದಾಟದೆ ಬೇರೆ ದಾರಿಯಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಊಟದ ಮೊದಲು ಬಾಗಿಲು ಹಾಕಿ ಒಂಬತ್ತಕ್ಕೆ ಇಟ್ಟೆ. ಒಂದೇ ಸ್ವರವನ್ನು ಎಳೆದು, ಕೊನೆಯವರೆಗೂ ಕುಣಿಸಿ, ಕೆಳಗಿಳಿಸಿದೆ. ಅಂಥದ್ದನ್ನೇ ಇನ್ನೊಂದು. ಬಹಳ ಚಂದ ಬಂತು. ನನ್ನ ಕಣ್ಣಲ್ಲಿ ನೀರು ಬಂತೆಂದರೆ ನೀವು ನಗಬಾರದು.

ಆಗ ಕರೆಗಂಟೆ. ಬಾಗಿಲಲ್ಲಿ ಹಿಂದಿನ ಮನೆಯ ಟೀಚರಮ್ಮ. ಬಯ್ಯಲು ಬಂದರು ಎಂದು ನಾನು ಒಳಗೇ ಉಳಿದೆ. ಹೆಂಡತಿ ಹೋದಳು. ಟೀಚರಮ್ಮನ ಮುಖದಲ್ಲಿ ಸಿಟ್ಟಿರಲಿಲ್ಲ, ದೊಡ್ಡ ನಿರೀಕ್ಷೆಯಿತ್ತು.

"ನಿಮ್ಮಲ್ಲಿಗೆ ಮರ ಕೊಯ್ಯುವವರು ಬಂದಿದ್ದಾರಲ್ಲ? ಮೆಶಿನ್ ಕೇಳ್ತಾ ಉಂಟು. ನಮ್ಮ ಹಲಸಿನ ಗೆಲ್ಲು ಮಾಡಿನ ಹಂಚಿನ ಮೇಲೆ ಬಾಗಿದೆ. ಹೇಗೂ ಬಂದಿದ್ದಾರಲ್ಲ, ಅದನ್ನೂ ಒಮ್ಮೆ ತೆಗೆದು ಕೊಟ್ಟುಹೋಗ್ಲಿಕ್ಕೆ ಹೇಳ್ತೀರಾ?"

ಹೆಂಡತಿ ಒಳಗೆ ತಿರುಗಿ ನನ್ನನ್ನು ನೋಡಿದಳು. ಮತ್ತೆ ಹೊರಗೆ ತಿರುಗಿದಳು.

"ಹೇಳ್ತೇನೆ ಟೀಚರೇ. ಆದ್ರೆ ಇವರು ಆಗಿನಿಂದ ಕೊಯ್ತಾ ಇದ್ದಾರೆ, ಇನ್ನೂ ಒಂದು ಕಡ್ಡಿ ಬೀಳ್ಲಿಲ್ಲ."

ಚಿಲಕ ಹೊರಗಿತ್ತು

ಆಂಪಿನ ಮುಖಕ್ಕೆ ಹಾಸಿಗೆ ಕಟ್ಟಿ ನೋಡಿದೆ. ಬಾಯಿಗೆ ದಿಂಬು ಒತ್ತಿಕೊಂಡು ಭಾಷಣ ಮಾಡಿದ ಹಾಗಾಯಿತು. ಮೆಹಂದಿ ಹತ್ತಿರ ಬರುತ್ತಿತ್ತು. ಗೆಳೆಯನ ಹತ್ತಿರ ಗೋಳು ಹೇಳಿಕೊಂಡೆ.

ಈ ಗೆಳೆಯನಿಗೆ ಮೀನು ಸಾಗಿಸುವ ವ್ಯಾಪಾರ. ದೋಣಿಗಳು ಬಂದು ನಿಲ್ಲುವ ದಕ್ಕೆಯಿಂದ ಮೀನು ತುಂಬಿಸಿ ಘಟ್ಟದ ಮೇಲೆ ಕಳಿಸುತ್ತಾನೆ. ಐಸ್ ಕರಗದಂತೆ ನಾಲ್ಕೂ ಸುತ್ತ ದಪ್ಪ ಥರ್ಮಾಕೋಲ್, ಅದರ ಮೇಲೆ ತಗಡು ಹೊಡೆದ ಲಾರಿ ಅವನದ್ದು. ಭಾನುವಾರ ಅದು ಕೊಟ್ಟಾರದ ಅವನ ಮನೆಯ ಹಿಂದೆ ಖಾಲಿ ನಿಂತಿರುತ್ತದೆ.

"ಒಳಗಿನ ತಂಪು ಹೊರಗೆ ಬರುವುದಿಲ್ಲ ಅಂದ ಮೇಲೆ ಒಳಗಿನ ಶಬ್ದ ಹೊರಗೆ ಹೇಗೆ ಬರ್ತದೆ?" ಎಂದ ಗೆಳೆಯ. "ತೊಳೆದು ಇಟ್ಟಿದ್ದೇನೆ, ಒಂಚೂರೂ ವಾಸನೆ ಇಲ್ಲ. ಬಾ."

ಮಂಗಳೂರಿನವನ ಮೂಗಿಗೆ ಮೀನಿನ ವಾಸನೆಯನ್ನು ವಾಸನೆ ಎಂದು ಲೆಕ್ಕ ಹಿಡಿಯುವ ಅಭ್ಯಾಸವೇ ಇಲ್ಲ. ನನಗೂ ಏನೂ ಅನ್ನಿಸಲಿಲ್ಲ. ಪಕ್ಕದ ಅವನ ಗೋಡೌನಿನಿಂದ ಕರೆಂಟಿನ ವಯರು ಎಳೆದು, ಆಂಪನ್ನು ಒಳಗೆ ಹತ್ತಿಸಿ ನೆಲದ ಮೇಲೆ ಇಟ್ಟೆವು. ನೆಲ ಸ್ವಲ್ಪ ಜಿಡ್ಡಾಗಿತ್ತು, ಮೂಲೆಯಲ್ಲಿ ಒಂದಿಷ್ಟು ನೀರು ನಿಂತಿತ್ತು. ಹಿಂದಿನ ದಿನ ಬೂತಾಯಿಯ ಲೋಡು ಹೋಗಿತ್ತಂತೆ. ಬೂತಾಯಿಯೆಂದರೆ ಮೈತುಂಬ ಎಣ್ಣೆಯಿರುವ ಮೀನು ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆಂಪಿನ ಹಳೆಯ ಪ್ಲೈವುಡ್ಡಿಗೂ ಅದು ಗೊತ್ತಾಗುತ್ತದೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

"ನಾನು ಹೊರಗೆ ನಿಂತು ಕೇಳ್ತೇನೆ, ನೀನು ಬಾರಿಸು" ಎಂದು ಗೆಳೆಯ ಬಾಗಿಲು ಹಾಕಿದ. ವಯರು ಹಾಯುವಷ್ಟು ಸಂದು ಬಿಟ್ಟು ಹೊರಗಿನ ಚಿಲಕ ಸಿಕ್ಕಿಸಿದ. ನಾನು ಹತ್ತಕ್ಕೆ ತಿರುಗಿಸಿದೆ.

ಅಬ್ಬಾ! ಅಂಥ ಸ್ವರವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಹಲ್ಲುಗಳು ಕುಣಿದವು. ಮನಸ್ಸು ತುಂಬುವಷ್ಟು ಬಾರಿಸಿ, ಬೆವರಿನಲ್ಲಿ ಮಿಂದು, ಬಾಗಿಲು ತಟ್ಟಿದೆ. ಗುದ್ದಿದೆ. ಹೆಸರು ಹಿಡಿದು ಕೂಗಿದೆ. ಕೊನೆಗೆ ಆಂಪಿನ ಸಹಾಯ ಪಡೆದು, ಅಪಾಯದಲ್ಲಿರುವವನು ಬಾರಿಸಬಹುದಾದದ್ದನ್ನೆಲ್ಲ ಬಾರಿಸಿದೆ. ಯಾರೂ ಬರಲಿಲ್ಲ. ಗೆಳೆಯನಿಗೆ ಯಾರದ್ದೋ ಫೋನು ಬಂದು, ಮಾತಾಡುತ್ತಾ ರಸ್ತೆಯವರೆಗೆ ಹೋಗಿ, ಅಲ್ಲಿ ಒಂದು ಚಹಾ ಕುಡಿದು ಬಂದಿದ್ದ.

ಬಾಗಿಲು ತೆರೆದಾಗ ನಾನು ಗಿಟಾರಿನ ಮೇಲೆ ಬಿದ್ದುಕೊಂಡಿದ್ದೆ. ಅವನ ಮುಖ ಹೆಮ್ಮೆಯಿಂದ ಅರಳಿತ್ತು.

"ಒಂದು ಶಬ್ದ ಹೊರಗೆ ಬರ್ಲಿಲ್ಲ ಮಾರಾಯ! ನೀನು ಬಾರಿಸಿದ್ಯಾ ಇಲ್ವಾ ಅಂತ ನನಗೆ ಸಂಶಯ ಬಂತು."

ಸಂಕ್ರಮಣದ ಮೆಹಂದಿ

ಆಮೇಲೆ ಚಿಲಕ ಹಾಕದೆ, ವಾರವಾರವೂ ಲಾರಿಯಲ್ಲೇ ಅಭ್ಯಾಸ ನಡೆಯಿತು. ಆಂಪ್ ಮನೆಗೆ ಮರಳಿದ ದಿನ ಓಣಿಯ ಬೆಕ್ಕುಗಳೆಲ್ಲ ನಮ್ಮ ಮೆಟ್ಟಿಲ ಮೇಲೆ ಸಾಲಾಗಿ ಕೂತವು. "ಅಂತೂ ಕೇಳುವವರು ಸಿಕ್ಕಿದ್ರು" ಎಂದಳು ಹೆಂಡತಿ. ನಾನು ಅದನ್ನು ಶುಭಶಕುನವೆಂದೇ ತಿಳಿದೆ.

ಮೆಹಂದಿಯೆಂದರೆ ಮದುವೆಯ ಮುನ್ನಾದಿನದ ಸಂಜೆ, ವಧುವಿನ ಮನೆಯಂಗಳದ ಚಪ್ಪರದಲ್ಲಿ ನಡೆಯುವ ಗಮ್ಮತ್ತು. ಕೈಗೆ ಮೆಹಂದಿ ಹಚ್ಚುವುದು ವಧುವಿಗೆ ಮತ್ತು ನಾಲ್ಕು ಹುಡುಗಿಯರಿಗೆ ಮಾತ್ರ. ಉಳಿದವರು ಬರುವುದು ಕೋಳಿಗೆ ಮತ್ತು ಮೀನಿಗೆ. ಈ ಸಲ ಗ್ರಹಚಾರ, ಆ ದಿನವೇ ಸಂಕ್ರಮಣ ಬಿದ್ದಿತ್ತು. ಸಂಕ್ರಮಣಕ್ಕೆ ಅವರ ಕುಟುಂಬದಲ್ಲಿ ಮೀನು ಮಾಂಸ ಇಲ್ಲ. ಹೆಂಡತಿಯ ಸೋದರಮಾವ ಆ ಕುಟುಂಬದ ಹಿರಿಯರು. ಅವರು ಕೋಲು ಕುಟ್ಟಿ ಹೇಳಿಬಿಟ್ಟಿದ್ದರು: "ಅಂಗಳಕ್ಕೆ ಒಂದು ಮೊಟ್ಟೆ ಸಹ ಬರ್ಲಿಕ್ಕಿಲ್ಲ."

ಚಪ್ಪರದ ತುಂಬ ಜನ. ನೀರುದೋಸೆಗೆ ಕುರ್ಮ ಹಾಕಿಸಿಕೊಂಡು, ಸಾವಿನ ಮನೆಗೆ ಬಂದವರ ಹಾಗೆ ಮೆಲ್ಲಗೆ ಜಗಿಯುತ್ತಿದ್ದರು. ಒಬ್ಬರು ಗೋಬಿ ಮಂಚೂರಿಯ ತುಂಡೊಂದನ್ನು ತಿರುಗಿಸಿ ತಿರುಗಿಸಿ ನೋಡಿ, ಎಲ್ಲಾದರೂ ಮುಳ್ಳು ಸಿಕ್ಕೀತೇ ಎಂದು ಹುಡುಕುತ್ತಿದ್ದರು.

ಏಳೂವರೆಗೆ ನನ್ನ ಸರದಿ. ಹೆಂಡತಿ ಸ್ಟೇಜಿನ ಬದಿಯಲ್ಲಿ ಕೈಕಟ್ಟಿ ನಿಂತಳು. ಗೆಳೆಯ ಹಿಂದಿನ ಸಾಲಿನಿಂದ ಹೆಬ್ಬೆರಳು ಎತ್ತಿದ. ಆಂಪನ್ನು ಮೊದಲೇ ಹಾಕಿಟ್ಟು ವಾಲ್ವ್‌ಗಳನ್ನು ಚೆನ್ನಾಗಿ ಕಾಯಲು ಬಿಟ್ಟಿದ್ದೆ. ಆಂಪಿನೊಳಗೆ ಸ್ವರ ಹೋಗುವ ಎರಡು ದಾರಿಗಳನ್ನು, ಅಂದರೆ ಚಾನೆಲ್‌ಗಳನ್ನು, ಗಿಡ್ಡ ವಯರಿನಿಂದ ಜೋಡಿಸಿ ಬಲ ಹೆಚ್ಚಿಸಿದ್ದೆ. ಒಬ್ಬನೇ ಒಬ್ಬ ಹೊಗಳಿದರೆ ಸಾಕು ದೇವರೇ ಎಂದುಕೊಂಡು ಹತ್ತಕ್ಕೆ ತಿರುಗಿಸಿ ಕಣ್ಣು ಮುಚ್ಚಿದೆ.

ಸ್ವರ ಹೊರಟಿತು. ಚಪ್ಪರದ ತಗಡು ನಡುಗಿತು. ದಪ್ಪಗೆ, ಬಿಸಿಯಾಗಿ, ಅಂಚಿನಲ್ಲಿ ಹರಿದು, ನಾನು ಹಂಬಲಿಸಿದ ಹಾಗೆಯೇ ಬಂತು. ಬಾರಿಸುತ್ತಾ ಹೋದೆ. ಆಂಪ್ ಕಾಯುತ್ತಾ ಹೋಯಿತು. ಕಣ್ಣು ತೆರೆದು ನೋಡುತ್ತೇನೆ, ಏನು ಹೇಳಲಿ! ಊಟದ ತಟ್ಟೆ ಹಿಡಿದವರೆಲ್ಲ ಕುರ್ಚಿ ಬಿಟ್ಟು ಸ್ಟೇಜಿನ ಬುಡಕ್ಕೆ ಬಂದಿದ್ದಾರೆ. ಮುಖ ಮೇಲಕ್ಕೆತ್ತಿ, ಕಣ್ಣು ಅರೆಮುಚ್ಚಿ, ದೀರ್ಘವಾಗಿ ಉಸಿರು ಎಳೆದುಕೊಳ್ಳುತ್ತಿದ್ದಾರೆ. ಮೆಹಂದಿ ಹಚ್ಚಿಸಿಕೊಂಡವರು ಕೈ ಮೇಲೆತ್ತಿಕೊಂಡೇ ಓಡಿ ಬರುತ್ತಿದ್ದಾರೆ. ನನಗೆ ಗೆದ್ದೆ ಅನ್ನಿಸಿತು. ಇನ್ನೂ ಜೋರಾಗಿ ಬಾರಿಸಿದೆ. ಜನ ಇನ್ನೂ ಹತ್ತಿರ ಬಂದರು.

ಕೊನೆಯ ಸ್ವರ ಇಳಿಯುವಾಗ ಸೋದರಮಾವ ಕೋಲೂರಿಕೊಂಡು ಸ್ಟೇಜು ಹತ್ತಿದರು. ಕಣ್ಣು ಒದ್ದೆಯಾಗಿತ್ತು. ನನ್ನ ಭುಜ ಹಿಡಿದುಕೊಂಡರು. ಆಮೇಲೆ ಬಾಯಿಯನ್ನು ನನ್ನ ಕಿವಿಗೆ ತಂದು ಕೇಳಿದರು.

"ಬೂತಾಯಿ ಅಲ್ವಾ?"

"ಎಂತ ಮಾವ?"

"ಎಲ್ಲಿ ಕಾಯಿಸ್ತಾ ಇದ್ದಾರೆ? ಸಂಕ್ರಮಣ ಅಂತ ಹೇಳಿದ್ದು ನಾನೇ, ಹೌದು. ಆದ್ರೆ ಸೂರ್ಯ ಮುಳುಗಿ ಎಷ್ಟೋ ಹೊತ್ತಾಯ್ತಲ್ಲ ಮಾರಾಯ..."

ಆಗ ನನ್ನ ಮೂಗಿಗೂ ಬಡಿಯಿತು. ಕಾವಲಿಯ ಮೇಲೆ ಮಸಾಲೆ ಹಚ್ಚಿ ಮಗುಚಿ ಹಾಕಿದ ಹಾಗೆ, ಚಪ್ಪರವಿಡೀ ಬೂತಾಯಿ ಕಾಯಿಸಿದ ಪರಿಮಳ! ಲಾರಿಯಲ್ಲಿ ವಾರವಾರವೂ ಕುಡಿದ ಎಣ್ಣೆಯನ್ನು ಪ್ಲೈವುಡ್ಡು, ಕಾದ ವಾಲ್ವ್‌ಗಳ ಬಿಸಿಗೆ ಒಟ್ಟಿಗೇ ಹೊರಗೆ ಬಿಡುತ್ತಿತ್ತು. ಹಿಂದಿನ ಸಾಲಿನಲ್ಲಿ ಗೆಳೆಯನ ಹೆಬ್ಬೆರಳು ಕಾಣಲಿಲ್ಲ, ಗೆಳೆಯನೂ ಕಾಣಲಿಲ್ಲ.

ಸೋದರಮಾವ ಮೂಗಿನ ದಾರಿ ಹಿಡಿದು ಆಂಪಿನ ಹಿಂದಕ್ಕೆ ಹೋದರು. ಬಾಗಿದರು. ಕೆಂಪಗೆ ಹೊಳೆಯುವ ವಾಲ್ವ್‌ಗಳನ್ನು ನೋಡಿದರು. ಕಣ್ಣು ಮುಚ್ಚಿ ಒಮ್ಮೆ ಎಳೆದುಕೊಂಡರು. ಮತ್ತೆ ಎದ್ದು ನಿಂತು, ಇಡೀ ಚಪ್ಪರಕ್ಕೆ ಕೇಳುವ ಹಾಗೆ ಘೋಷಿಸಿದರು.

"ಇದರ ಒಳಗಿಂದ ಬರುವುದು! ಇಷ್ಟು ವರ್ಷದಲ್ಲಿ ಇಂಥ ಒಂದು ಪೆಟ್ಟಿಗೆ ನಾನು ನೋಡ್ಲಿಲ್ಲ. ಭಾರೀ ಪೊರ್ಲು ಉಂಡು ಮಾರಾಯ, ಭಾರೀ ಚಂದ ಉಂಟು!"

ಜನ ಚಪ್ಪಾಳೆ ತಟ್ಟಿದರು. ಯಾರೋ ಒಬ್ಬರು ನೀರುದೋಸೆಯ ತಟ್ಟೆ ಹಿಡಿದುಕೊಂಡು ಆಂಪಿನ ಪಕ್ಕಕ್ಕೇ ಕುರ್ಚಿ ಎಳೆದು ಕೂತು, ಪರಿಮಳವನ್ನೇ ನೆಂಚಿಕೊಂಡು ತಿನ್ನತೊಡಗಿದರು.

ನಾನು ಹೆಂಡತಿಯ ಕಡೆ ನೋಡಿದೆ. ಸೆರಗು ಬಾಯಿಗೆ ಒತ್ತಿಕೊಂಡು, ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಹತ್ತಿರ ಬಂದಳು. ಆಂಪಿನ ತಲೆಯನ್ನು ಒಮ್ಮೆ ಪ್ರೀತಿಯಿಂದ ತಟ್ಟಿದಳು.

"ಮಾತು ಅಂದ್ರೆ ಮಾತು. ಕೇಳದೆ ಬಂದು ಹೊಗಳಿದ್ರು. ಪೆಟ್ಟಿಗೆ ಮನೆಯಲ್ಲೇ ಇರ್ಲಿ" ಎಂದಳು. ನನಗೆ ಕುಣಿಯುವಷ್ಟು ಖುಷಿಯಾಯಿತು. ಅಷ್ಟರಲ್ಲಿ ಅವಳ ಕಣ್ಣು ನನ್ನ ಕೈಯ ಕಡೆಗೆ ಇಳಿಯಿತು.

"ಗಿಟಾರಿನ ಬಗ್ಗೆ ಮಾತ್ರ ಯಾರೂ ಎಂತದೂ ಹೇಳ್ಲಿಲ್ಲ. ಅದಕ್ಕೆ ಗುಜರಿಯವನಿಗೆ ಹೇಳ್ತೇನೆ."